ಧಾರವಾಡದಲ್ಲಿ ಕುಳಿತು ಜ್ವಾಲಾಮುಖಿಯ ಉಬ್ಬು ಅಳೆಯುವುದು ಹೇಗೆ

ಗದಗಿನ ಕಪ್ಪತಗುಡ್ಡದ ಸೆರಗಿನಲ್ಲಿ ಸಿಗುವ ಹಸಿರುಗಪ್ಪು ಕಲ್ಲುಗಳಲ್ಲಿ ಅನೇಕವು 250 ಕೋಟಿ ವರ್ಷಕ್ಕೂ ಹಿಂದೆ ಉಕ್ಕಿ ಹರಿದ ಲಾವಾ. ಅವು ಎಂದೋ ತಣಿದಿವೆ. ಇಂದಿಗೂ ಉಬ್ಬಿ ಇಳಿಯುವ ಜ್ವಾಲಾಮುಖಿ ಬೇಕೆಂದರೆ ದೂರ ನೋಡಬೇಕು, ಆದರೆ ಅಳೆಯಲು ಅಲ್ಲಿಗೇ ಹೋಗಬೇಕಿಲ್ಲ. ಯುರೋಪಿನ ಸೆಂಟಿನೆಲ್-1 ರೇಡಾರ್ ಉಪಗ್ರಹಗಳ ದತ್ತಾಂಶ ಪುಕ್ಕಟೆ ಸಿಗುತ್ತದೆ, ಅದನ್ನು ಸಂಸ್ಕರಿಸುವ ಸ್ನ್ಯಾಪ್ ತಂತ್ರಾಂಶವೂ ಪುಕ್ಕಟೆ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯ ಕಾಲೇಜುಗಳಲ್ಲಿ ಭೂವಿಜ್ಞಾನ, ಭೂಗೋಳ, ಸಿವಿಲ್ ಓದುತ್ತಿರುವವರು ಪ್ರಾಜೆಕ್ಟಿಗಾಗಿ ಇದನ್ನು ಮೊದಲಿನಿಂದ ಕೊನೆಯವರೆಗೆ ತಾವೇ ಮಾಡಬಹುದು.

ತತ್ವ ಸರಳ. ಉಪಗ್ರಹ ಸುಮಾರು 693 ಕಿ.ಮೀ. ಎತ್ತರದಿಂದ 5.55 ಸೆಂ.ಮೀ. ಉದ್ದದ ಅಲೆಗಳನ್ನು ಬಿಡುತ್ತದೆ. ಒಂದೇ ಜಾಗದಿಂದ ಎರಡು ದಿನ ತೆಗೆದ ಚಿತ್ರಗಳಲ್ಲಿ ಮರಳಿ ಬಂದ ಅಲೆಯ ಹಂತವನ್ನು, ಅಂದರೆ ಫೇಸ್ ಅನ್ನು, ಕಳೆದರೆ ಇಂಟರ್‌ಫೆರೋಗ್ರಾಂ ಸಿಗುತ್ತದೆ. ಅಲೆ ಹೋಗಿ ಬರುವುದರಿಂದ ನೆಲ ಉಪಗ್ರಹದತ್ತ ಅಥವಾ ಅದರಿಂದ ದೂರಕ್ಕೆ 2.8 ಸೆಂ.ಮೀ. ಸರಿದರೆ ಬಣ್ಣದ ಒಂದು ಪೂರ್ತಿ ಸುತ್ತು, ಒಂದು ಫ್ರಿಂಜ್.

ಮೊದಲು ನಮ್ಮ ಎರೆ ಹೊಲದಲ್ಲಿ ಕೈ ಪಳಗಿಸಿ

ಜ್ವಾಲಾಮುಖಿಗೆ ನೇರ ಕೈ ಹಾಕಬೇಡಿ. ಎರಡು ದಿನಗಳ ಚಿತ್ರಗಳಲ್ಲಿ ನೆಲದ ಮೇಲ್ಮೈ ಎಷ್ಟು ಹಾಗೇ ಉಳಿದಿದೆ ಎಂದು ಹೇಳುವ ಅಳತೆಗೆ ಕೊಹೆರೆನ್ಸ್ ಎನ್ನುತ್ತಾರೆ. ಅದು 0ಯಿಂದ 1ರವರೆಗೆ ಇರುತ್ತದೆ; ಚಿತ್ರದಲ್ಲಿ 0 ಕಪ್ಪು, 1 ಬಿಳಿ. ಇದು ಕಣ್ಣಿಗೆ ಅಭ್ಯಾಸವಾಗಲು ಪರಿಚಿತ ನೆಲಕ್ಕಿಂತ ಒಳ್ಳೆಯ ಪಾಠವಿಲ್ಲ. ಹುಬ್ಬಳ್ಳಿ, ನವಲಗುಂದ, ಅಣ್ಣಿಗೇರಿ ಒಳಗೊಂಡ ಚೌಕಟ್ಟಿಗೆ ಮಾರ್ಚಿನಲ್ಲಿ 12 ದಿನಗಳ ಅಂತರದಲ್ಲಿ ತೆಗೆದ ಚಿತ್ರಗಳ ಒಂದು ಜೋಡಿ, ಜೂನ್-ಜುಲೈಯ ಇನ್ನೊಂದು ಜೋಡಿ ತೆಗೆದುಕೊಳ್ಳಿ.

ಮಾರ್ಚಿನಲ್ಲಿ ಕಡಲೆ, ಜೋಳ ಕೊಯ್ದು ಬರಿದಾದ ಹೊಲಗಳು ಸಾಕಷ್ಟು ಬೆಳ್ಳಗೆ ಕಾಣುತ್ತವೆ. ನಡುವೆ ಹರಗಿದ ಹೊಲ ಮಾತ್ರ ತನ್ನ ಬದುವಿನ ಗೆರೆಯ ಒಳಗೆ ಕಪ್ಪಾಗಿ ಎದ್ದು ಕಾಣುತ್ತದೆ. ಮುಂಗಾರಿ ಬಿತ್ತಿಗೆಯ ಜೋಡಿಯಲ್ಲಿ ಇಡೀ ಎರೆ ಸೀಮೆ ಕಪ್ಪು. ಹುಬ್ಬಳ್ಳಿಯ ಕಟ್ಟಡಗಳು ಎರಡರಲ್ಲೂ ಬೆಳ್ಳಗೆ, ಉಣಕಲ್ ಕೆರೆ ಎರಡರಲ್ಲೂ ಕಪ್ಪು. ಕಲಘಟಗಿ ಕಡೆಯ ಕಾಡು ಎಲೆ ಅಲುಗಾಡುವುದರಿಂದ ಹೆಚ್ಚುಕಡಿಮೆ ಯಾವಾಗಲೂ ಮಂಕು. ಕಾಡು ಹೊದ್ದ ಜ್ವಾಲಾಮುಖಿಯನ್ನು ಆರಿಸಿಕೊಂಡರೆ ಏನಾಗುತ್ತದೆಂಬುದು ಇಲ್ಲೇ ಗೊತ್ತಾಗುತ್ತದೆ. ಇನ್ನೊಂದು ಎಚ್ಚರಿಕೆ: ಎರೆಮಣ್ಣು ಬಿಸಿಲಿಗೆ ಬಿರಿದು ಮಳೆಗೆ ಉಬ್ಬುತ್ತದೆ, ತೇವ ಬದಲಾದರೂ ಫೇಸ್ ಬದಲಾಗುತ್ತದೆ. ನವಲಗುಂದದಲ್ಲಿ ಕಂಡ ಅರ್ಧ ಫ್ರಿಂಜನ್ನು ಭೂಮಿಯೊಳಗಿನ ಚಲನೆ ಎಂದು ಬರೆಯಬೇಡಿ.

ಯಾವ ಜ್ವಾಲಾಮುಖಿ?

ಕಲಿಯುವವರಿಗೆ ಪೆಸಿಫಿಕ್ ಸಾಗರದ ಗಲಪಾಗಸ್‌ನ ಇಸಾಬೆಲಾ ದ್ವೀಪದ ಸಿಯೆರಾ ನೆಗ್ರಾ ಅತ್ಯುತ್ತಮ. ಬಾಯಿಯ ಅಗಲವೇ ಸುಮಾರು 7ರಿಂದ 10 ಕಿ.ಮೀ., ಒಳಗಿನ ನೆಲ ಬಹುಪಾಲು ಬೋಳು ಲಾವಾ, ಹಾಗಾಗಿ ಕೊಹೆರೆನ್ಸ್ ಚೆನ್ನಾಗಿದೆ. 2005ರ ಸ್ಫೋಟದಿಂದ 2018ರ ಜೂನ್ 26ರ ಸ್ಫೋಟದವರೆಗೆ ಈ ನೆಲ ಸುಮಾರು 6.5 ಮೀಟರ್ ಮೇಲೆದ್ದಿತ್ತು, ಅಂದರೆ ಸರಾಸರಿ ವರ್ಷಕ್ಕೆ ಅರ್ಧ ಮೀಟರ್. ಸ್ಫೋಟಕ್ಕೆ ಮುಂಚಿನ ವರ್ಷದ 24 ಅಥವಾ 48 ದಿನಗಳ ಜೋಡಿ ತೆಗೆದುಕೊಂಡರೆ ಕೆಲವೇ ಫ್ರಿಂಜ್ ಸ್ಪಷ್ಟವಾಗಿ ಕಾಣುತ್ತವೆ. ಸ್ಫೋಟದ ಕಾಲದ ಜೋಡಿಯನ್ನು ಮೊದಲಿಗೇ ತೆಗೆದುಕೊಳ್ಳಬೇಡಿ. ಆಗ ನೆಲ ಒಟ್ಟು ಎಂಟು ಮೀಟರಿಗೂ ಹೆಚ್ಚು ಕುಸಿದಿದೆ, ಫ್ರಿಂಜ್‌ಗಳು ಒಂದರ ಮೇಲೊಂದು ಇಕ್ಕಟ್ಟಾಗಿ ಎಣಿಸಲಾಗದಂತೆ ಕಲಸಿಹೋಗುತ್ತವೆ. ಪಕ್ಕಪಕ್ಕದ ಎರಡು ಪಿಕ್ಸೆಲ್‌ಗಳ ನಡುವೆ ಅರ್ಧ ಫ್ರಿಂಜ್, ಅಂದರೆ 1.4 ಸೆಂ.ಮೀ., ಮೀರಿದರೆ ಯಾವ ತಂತ್ರಾಂಶಕ್ಕೂ ಅದನ್ನು ಬಿಡಿಸಲಾಗದು.

ಸಾಮಗ್ರಿ

16 ಜಿಬಿ ರ‍್ಯಾಮ್ ಕನಿಷ್ಠ, 32 ಇದ್ದರೆ ನಿರಾಳ. ಎಸ್‌ಎಸ್‌ಡಿಯಲ್ಲಿ 100 ಜಿಬಿ ಖಾಲಿ ಜಾಗ. ಒಂದೊಂದು ಚಿತ್ರ ಝಿಪ್ ರೂಪದಲ್ಲೇ 4 ಜಿಬಿ ಆಸುಪಾಸು ಇರುವುದರಿಂದ ರಾತ್ರಿ ಡೌನ್‌ಲೋಡ್ ಹಚ್ಚಿ ಮಲಗಿ. ಕರೆಂಟ್ ಹೋದರೂ ನಿಂತಲ್ಲಿಂದ ಮುಂದುವರಿಸುವ ಡೌನ್‌ಲೋಡ್ ಮ್ಯಾನೇಜರ್ ಇರಲಿ. ಅಲಾಸ್ಕಾ ಸ್ಯಾಟೆಲೈಟ್ ಫೆಸಿಲಿಟಿಯ ವರ್ಟೆಕ್ಸ್ ತಾಣದಲ್ಲಿ ನಾಸಾ ಅರ್ಥ್‌ಡೇಟಾ ಖಾತೆ ತೆರೆದರೆ ಸಾಕು. ಹುಡುಕುವಾಗ ಐಡಬ್ಲ್ಯೂ ಮೋಡ್, ಎಸ್‌ಎಲ್‌ಸಿ (ಫೇಸ್ ಉಳಿಸಿಕೊಂಡ ಚಿತ್ರರೂಪ) ಎಂದೇ ಆರಿಸಿ. ಜಿಆರ್‌ಡಿ ಚಿತ್ರದಲ್ಲಿ ಫೇಸ್ ಇರುವುದೇ ಇಲ್ಲ, ಅದನ್ನು ಇಳಿಸಿಕೊಂಡರೆ ರಾತ್ರಿಯಿಡೀ ಇಳಿಸಿದ್ದು ವ್ಯರ್ಥ. ಎರಡೂ ಚಿತ್ರಗಳ ಟ್ರ್ಯಾಕ್ ಸಂಖ್ಯೆ, ಅಂದರೆ ಉಪಗ್ರಹದ ಹಾದಿಯ ಸಂಖ್ಯೆ, ಒಂದೇ ಇರಬೇಕು. ಕಂಪ್ಯೂಟರ್ ಸಣ್ಣದಾಗಿದ್ದರೆ ಅದೇ ಸಂಸ್ಥೆಯ ಹೈಪ್3 ಸೇವೆ ತನ್ನ ಸರ್ವರಿನಲ್ಲೇ ಇಂಟರ್‌ಫೆರೋಗ್ರಾಂ ಮಾಡಿಕೊಡುತ್ತದೆ. ಆದರೂ ಒಮ್ಮೆ ಕೈಯಾರೆ ಮಾಡಿ ನೋಡಿದವರಿಗೇ ಎಲ್ಲಿ ತಪ್ಪುತ್ತದೆಂದು ತಿಳಿಯುತ್ತದೆ.

ಸ್ನ್ಯಾಪ್‌ನಲ್ಲಿ ಕೆಲಸದ ಕ್ರಮ

1. ಟಾಪ್‌ಸಾರ್ ಸ್ಪ್ಲಿಟ್: ಜ್ವಾಲಾಮುಖಿ ಇರುವ ಒಂದು ಉಪಪಟ್ಟಿ, ವಿವಿ ಧ್ರುವೀಕರಣ, ಎರಡು ಅಥವಾ ಮೂರು ಬರ್ಸ್ಟ್ (ಉಪಪಟ್ಟಿಯ ತುಂಡು) ಮಾತ್ರ. ಎರಡೂ ಚಿತ್ರಗಳಿಗೆ.

2. ಕಕ್ಷೆಯ ಫೈಲ್ ಅನ್ವಯಿಸಿ. ನಿಖರ ಕಕ್ಷೆ ಚಿತ್ರ ತೆಗೆದ ಸುಮಾರು 20 ದಿನಗಳ ನಂತರ ಬರುತ್ತದೆ. ನಿನ್ನೆ ಮೊನ್ನೆಯ ಚಿತ್ರವಾದರೆ ಕಾಯಿರಿ.

3. ಬ್ಯಾಕ್ ಜಿಯೋಕೋಡಿಂಗ್: ಒಂದು ಚಿತ್ರವನ್ನು ಇನ್ನೊಂದರ ಮೇಲೆ ಕೂರಿಸುವ ಹಂತ. 30 ಮೀಟರಿನ ಕೋಪರ್ನಿಕಸ್ ಎತ್ತರ ನಕ್ಷೆ ಆರಿಸಿ. ಫಲಿತಾಂಶ ಪೂರ್ತಿ ಖಾಲಿ ಬಂದರೆ ಬಹುಮಟ್ಟಿಗೆ ಎತ್ತರ ನಕ್ಷೆ ಇಳಿದಿರುವುದಿಲ್ಲ.

4. ಎನ್‌ಹ್ಯಾನ್ಸ್ಡ್ ಸ್ಪೆಕ್ಟ್ರಲ್ ಡೈವರ್ಸಿಟಿ: ಬರ್ಸ್ಟ್‌ಗಳು ಒಂದರ ಮೇಲೊಂದು ಬರುವ ಜಾಗದಲ್ಲಿ ಜೋಡಣೆಯನ್ನು ಪಿಕ್ಸೆಲಿನ ಸಾವಿರದ ಒಂದು ಭಾಗದಷ್ಟು ಸೂಕ್ಷ್ಮವಾಗಿ ಸರಿಪಡಿಸುತ್ತದೆ. ಒಂದೇ ಬರ್ಸ್ಟ್ ಇದ್ದರೆ ಇದು ಬೇಡ. ಮುಂದೆ ಬರ್ಸ್ಟ್ ಗಡಿಯಲ್ಲಿ ಬಣ್ಣ ಹಠಾತ್ತನೆ ಜಿಗಿದರೆ ಇಲ್ಲಿಗೆ ಮರಳಿ ಬನ್ನಿ.

5. ಇಂಟರ್‌ಫೆರೋಗ್ರಾಂ ರಚನೆ, ಕೊಹೆರೆನ್ಸ್ ಸಹಿತ, ನಂತರ ಬರ್ಸ್ಟ್ ತುಂಡುಗಳನ್ನು ಒಂದಾಗಿ ಜೋಡಿಸುವ ಡಿಬರ್ಸ್ಟ್. ಇಲ್ಲಿಗೆ ಒಮ್ಮೆ ಸೇವ್ ಮಾಡಿಡಿ.

6. ಬೆಟ್ಟದ ಎತ್ತರದಿಂದ ಬರುವ ಫೇಸ್ ಕಳೆಯಿರಿ. ಎರಡು ಕಕ್ಷೆಗಳ ನಡುವಿನ ಬೇಸ್‌ಲೈನ್ 100 ಮೀಟರ್ ಇದ್ದರೆ ಸುಮಾರು 150 ಮೀಟರ್ ಎತ್ತರಕ್ಕೆ ಒಂದು ಫ್ರಿಂಜ್ ಬರುತ್ತದೆ. ಎತ್ತರ ನಕ್ಷೆಯಲ್ಲಿ 10 ಮೀಟರ್ ತಪ್ಪಿದ್ದರೂ ಉಳಿಯುವ ದೋಷ 2 ಮಿ.ಮೀ. ಮಾತ್ರ. ಬೇಸ್‌ಲೈನ್ ಚಿಕ್ಕದಿದ್ದಷ್ಟೂ ಒಳ್ಳೆಯದು.

7. ಮಲ್ಟಿಲುಕ್, ಅಂದರೆ ಅಕ್ಕಪಕ್ಕದ ಪಿಕ್ಸೆಲ್‌ಗಳ ಸರಾಸರಿ: ರೇಂಜ್ (ನೋಟದ ದಿಕ್ಕು) 8, ಅಜಿಮತ್ (ಹಾರುವ ದಿಕ್ಕು) 2 ಇಟ್ಟರೆ ಸುಮಾರು 30 ಮೀಟರಿನ ಚೌಕ. ನಂತರ ಗದ್ದಲ ತಗ್ಗಿಸುವ ಗೋಲ್ಡ್‌ಸ್ಟೀನ್ ಫಿಲ್ಟರ್. ಇದನ್ನು ಎರಡು ಮೂರು ಸಲ ಓಡಿಸುವ ಚಟ ಒಳ್ಳೆಯದಲ್ಲ, ಬರೀ ಗದ್ದಲವಿರುವ ಕಡೆಯೂ ಚೆಂದದ ಹುಸಿ ಪಟ್ಟೆಗಳು ಹುಟ್ಟಿಕೊಳ್ಳುತ್ತವೆ.

8. ಸ್ನಾಫು ಎಂಬ ಪ್ರತ್ಯೇಕ ತಂತ್ರಾಂಶಕ್ಕೆ ಕಳಿಸಿ ಫೇಸ್ ಬಿಡಿಸಿ, ಅಂದರೆ ಫ್ರಿಂಜ್‌ಗಳನ್ನು ಎಣಿಸಿ ಕೂಡಿಸಿ: ಡೆಫೋ ಮೋಡ್, ಎಂಸಿಎಫ್ ಆರಂಭ. ಕೊಹೆರೆನ್ಸ್ 0.3ಕ್ಕಿಂತ ಕಡಿಮೆ ಇರುವಲ್ಲಿ ಮರೆ ಹಾಕಿ. ದ್ವೀಪಗಳ ನಡುವಿನ ಸಮುದ್ರದಾಚೆಗೆ ಫ್ರಿಂಜ್ ಎಣಿಕೆ ದಾಟುವುದಿಲ್ಲ. ಇಸಾಬೆಲಾದ ಅಂಕಿಯನ್ನು ಪಕ್ಕದ ಫರ್ನಾಂಡಿನಾ ದ್ವೀಪದ ಅಂಕಿಗೆ ಹೋಲಿಸಬೇಡಿ.

9. ಮರಳಿ ತಂದು ಫೇಸನ್ನು ಸ್ಥಳಾಂತರಕ್ಕೆ ಬದಲಿಸಿ, ಭೂನಕ್ಷೆಗೆ ಕೂರಿಸಿ. ಅದೇ ದ್ವೀಪದಲ್ಲಿ ಜ್ವಾಲಾಮುಖಿಯ ಬಾಯಿಂದ ದೂರ ಇರುವ, ಕೊಹೆರೆನ್ಸ್ ಚೆನ್ನಾಗಿರುವ ಜಾಗವನ್ನು ಸೊನ್ನೆ ಎಂದು ಹಿಡಿದು ಅದರ ಬೆಲೆಯನ್ನು ಎಲ್ಲ ಕಡೆಯಿಂದ ಕಳೆಯಿರಿ.

ಪ್ಲಸ್ ಮೈನಸ್ ಚಿಹ್ನೆ ಇಲ್ಲೇ ಖಚಿತಪಡಿಸಿಕೊಳ್ಳಿ. ಯಾವ ಚಿತ್ರವನ್ನು ಮೊದಲು ಇಟ್ಟಿರಿ ಎಂಬುದರ ಮೇಲೆ ಉಬ್ಬು ಕುಸಿತವಾಗಿ ಕಾಣಬಹುದು. 2017ರಲ್ಲಿ ಸಿಯೆರಾ ನೆಗ್ರಾ ಉಬ್ಬುತ್ತಿತ್ತು ಎಂಬುದು ಗೊತ್ತಿರುವ ಸಂಗತಿ, ನಿಮ್ಮ ನಕ್ಷೆ ಅದನ್ನೇ ಹೇಳಬೇಕು.

ಗಾಳಿಯೋ, ನೆಲವೋ?

ಇಡೀ ಕೆಲಸದ ಜೀವಾಳ ಇದು. ಗಾಳಿಯಲ್ಲಿನ ನೀರಾವಿ ರೇಡಾರ್ ಅಲೆಯನ್ನು ತಡಮಾಡುತ್ತದೆ. ಎರಡು ದಿನಗಳ ನಡುವೆ ಆರ್ದ್ರತೆಯಲ್ಲಿ 20 ಶೇಕಡಾ ವ್ಯತ್ಯಾಸವಿದ್ದರೆ ಸ್ಥಳಾಂತರದಲ್ಲಿ 10 ಸೆಂ.ಮೀ. ವರೆಗೆ ದೋಷ ಬರಬಹುದು. ಎತ್ತರದ ಬೆಟ್ಟದಲ್ಲಿ ಇನ್ನೂ ಮೋಸ: ಬುಡದ ಮೇಲೆ ಗಾಳಿಯ ಪದರ ದಪ್ಪ, ನೆತ್ತಿಯ ಮೇಲೆ ತೆಳು. ಹಾಗಾಗಿ ಬೆಟ್ಟದ ಸುತ್ತ ಉಂಗುರದಂಥ ಪಟ್ಟೆಗಳು ಮೂಡಿ ಥೇಟ್ ಉಬ್ಬಿನಂತೆಯೇ ಕಾಣುತ್ತವೆ. ಒಂದೇ ಇಂಟರ್‌ಫೆರೋಗ್ರಾಂ ನೋಡಿ ತೀರ್ಮಾನ ಬರೆದ ವರದಿಯನ್ನು ನಂಬಲಾಗದು.

ಮೂರು ಪರೀಕ್ಷೆ ಮಾಡಿ. ಜನವರಿ-ಫೆಬ್ರವರಿಯ ಜೋಡಿ, ಫೆಬ್ರವರಿ-ಮಾರ್ಚಿನ ಜೋಡಿ, ಎರಡರಲ್ಲೂ ಫೆಬ್ರವರಿಯ ಚಿತ್ರ ಒಂದೇ ಇರಲಿ. ಆ ದಿನದ ಗಾಳಿ ಮೊದಲ ಜೋಡಿಯಲ್ಲಿ ಒಂದು ಚಿಹ್ನೆಯಲ್ಲಿ, ಎರಡನೆಯದರಲ್ಲಿ ತದ್ವಿರುದ್ಧ ಚಿಹ್ನೆಯಲ್ಲಿ ಬರುತ್ತದೆ. ಸತತ ಉಬ್ಬು ಎರಡರಲ್ಲೂ ಒಂದೇ ದಿಕ್ಕಿಗಿರುತ್ತದೆ. ಎರಡನೆಯದು, 24 ದಿನಗಳ ಜೋಡಿಯ ಪಕ್ಕ 48 ದಿನಗಳದ್ದನ್ನಿಟ್ಟು ನೋಡಿ: ಉಬ್ಬು ಸುಮಾರು ಇಮ್ಮಡಿಯಾಗುತ್ತದೆ, ಗಾಳಿಗೆ ಆ ಲೆಕ್ಕವಿಲ್ಲ. ಮೂರನೆಯದು, ಪ್ರತಿ ಪಿಕ್ಸೆಲಿನ ಎತ್ತರ ಅಡ್ಡಕ್ಕೆ, ಸ್ಥಳಾಂತರ ಉದ್ದಕ್ಕೆ ಇಟ್ಟು ಗ್ರಾಫ್ ಬಿಡಿಸಿ. ನೇರ ಗೆರೆ ಬಂದರೆ ಬಹುಪಾಲು ಗಾಳಿ. ಆ ಗೆರೆಯನ್ನು ಕಳೆಯಿರಿ. ಆದರೆ ಗೆರೆ ಹಾಕುವಾಗ ಹೊರ ಇಳಿಜಾರಿನ ಪಿಕ್ಸೆಲ್‌ಗಳನ್ನಷ್ಟೇ ಬಳಸಿ. ನೆತ್ತಿಯನ್ನೂ ಸೇರಿಸಿದರೆ ನಿಜವಾದ ಉಬ್ಬೇ ಅಳಿಸಿಹೋಗುತ್ತದೆ. ನ್ಯೂಕಾಸಲ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಗ್ಯಾಕೋಸ್ ಸೇವೆ ಆಯಾ ದಿನದ ಗಾಳಿಯ ತಿದ್ದುಪಡಿ ನಕ್ಷೆ ಕೊಡುತ್ತದೆ. ಅದನ್ನು ಹಾಕಿದ ಮೇಲೆ ಗದ್ದಲ ಕಡಿಮೆಯಾಯಿತೇ ಎಂದು ಅಳೆದು ನೋಡಿ, ಕೆಲವು ಜೋಡಿಗಳಲ್ಲಿ ಹೆಚ್ಚುವುದೂ ಉಂಟು.

ಅಂಕಿಯಿಂದ ಶಿಲಾಪಾಕದವರೆಗೆ

ಉಪಗ್ರಹ ಓರೆಯಾಗಿ ನೋಡುವುದರಿಂದ ಒಂದೇ ದಿಕ್ಕಿನ ನೋಟದಲ್ಲಿ ಮೇಲೇಳುವುದೂ ಪಕ್ಕಕ್ಕೆ ಸರಿಯುವುದೂ ಬೆರೆತಿರುತ್ತವೆ. ಉತ್ತರಕ್ಕೆ ಏರುವ ಹಾದಿಯಲ್ಲಿ ಅದು ಪೂರ್ವಕ್ಕೆ ನೋಡುತ್ತದೆ, ಇಳಿಯುವ ಹಾದಿಯಲ್ಲಿ ಪಶ್ಚಿಮಕ್ಕೆ. ನೋಟದ ಕೋನ ಎರಡರಲ್ಲೂ 39 ಡಿಗ್ರಿ ಎಂದುಕೊಳ್ಳಿ. ಒಂದೇ ಅವಧಿಯಲ್ಲಿ ಏರುಹಾದಿ 6 ಸೆಂ.ಮೀ., ಇಳಿಹಾದಿ 8 ಸೆಂ.ಮೀ. ಉಪಗ್ರಹದತ್ತ ಸರಿದಂತೆ ತೋರಿಸಿದರೆ, ಎರಡನ್ನೂ ಕೂಡಿಸಿ 2 × 0.777ರಿಂದ ಭಾಗಿಸಿ: 9 ಸೆಂ.ಮೀ. ಮೇಲೆ. ಇಳಿಹಾದಿಯಿಂದ ಏರುಹಾದಿ ಕಳೆದು 2 × 0.629ರಿಂದ ಭಾಗಿಸಿ: 1.6 ಸೆಂ.ಮೀ. ಪೂರ್ವಕ್ಕೆ. ಉತ್ತರ-ದಕ್ಷಿಣದ ಚಲನೆ ಈ ಉಪಗ್ರಹಗಳಿಗೆ ಬಹುತೇಕ ಕಾಣಿಸುವುದಿಲ್ಲ.

ಉಬ್ಬಿಸುತ್ತಿರುವ ಶಿಲಾಪಾಕದ ಆಳ ತಿಳಿಯಲು ಜಪಾನಿನ ಕಿಯೋ ಮೋಗಿ 1958ರಲ್ಲಿ ಬಳಸಿದ ಮಾದರಿಯಿಂದ ಆರಂಭಿಸಿ. ಉಬ್ಬಿನ ನಡುವಿನಿಂದ ಎಷ್ಟು ದೂರ ಹೋದರೆ ಎತ್ತರ ಅರ್ಧಕ್ಕಿಳಿಯುತ್ತದೋ ಆ ದೂರವನ್ನು 1.3ರಿಂದ ಗುಣಿಸಿ. 1.5 ಕಿ.ಮೀ. ಬಂದರೆ ಆಳ ಸುಮಾರು 2 ಕಿ.ಮೀ. ಹೊಸದಾಗಿ ಸೇರಿದ ಶಿಲಾಪಾಕದ ಗಾತ್ರಕ್ಕೆ 3.14 × ಆಳದ ವರ್ಗ × ಗರಿಷ್ಠ ಉಬ್ಬು, ಭಾಗಿಸು 0.75, ಎಲ್ಲವೂ ಮೀಟರಿನಲ್ಲಿ. 2,000 ಮೀಟರ್ ಆಳ, 0.09 ಮೀಟರ್ ಉಬ್ಬಿಗೆ ಸುಮಾರು 15 ಲಕ್ಷ ಘನ ಮೀಟರ್. ಆಳದಲ್ಲಿ 10 ಶೇಕಡಾ ಹೆಚ್ಚುಕಡಿಮೆಯಾದರೆ ಗಾತ್ರ 20 ಶೇಕಡಾದಷ್ಟು ಬದಲಾಗುತ್ತದೆ, ಆದ್ದರಿಂದ ದಶಮಾಂಶಗಳ ಸಾಲು ಬರೆಯಬೇಡಿ.

ಮೋಗಿಯ ಲೆಕ್ಕ ಗುಂಡನೆಯ ಮೂಲಕ್ಕೆ. ಸಿಯೆರಾ ನೆಗ್ರಾದ ಕೆಳಗಿರುವುದು ಸುಮಾರು 2 ಕಿ.ಮೀ. ಆಳದ ಚಪ್ಪಟೆ ಹಾಸು, ಅದರ ಉಬ್ಬಿನ ನೆತ್ತಿಯೂ ಅಗಲ. ಹಾಗಾಗಿ ಮೋಗಿ ಸೂತ್ರ ಹಾಕಿದರೆ ಆಳ ಇರುವುದಕ್ಕಿಂತ ಹೆಚ್ಚು ಬರುತ್ತದೆ. ಅಲ್ಲಿ ಒಕಾಡಾ 1985ರಲ್ಲಿ ಕೊಟ್ಟ ಆಯತಾಕಾರದ ಮೂಲದ ಸೂತ್ರಗಳನ್ನು ಬಳಸಿ.

ಕಾಡಿರುವ ಜ್ವಾಲಾಮುಖಿಯೇ ಬೇಕೆಂಬವರಿಗೆ 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ ನಿಸಾರ್ ಇದೆ. ಇಸ್ರೋ-ನಾಸಾ ಜಂಟಿ ಉಪಗ್ರಹವಾದ ಇದರ ಎಲ್-ಬ್ಯಾಂಡ್ ಅಲೆ 24 ಸೆಂ.ಮೀ. ಉದ್ದದ್ದು, ಎಲೆಗಳ ನಡುವೆ ಇಳಿದು ನೆಲ ಮುಟ್ಟುತ್ತದೆ. ಒಂದು ಫ್ರಿಂಜಿಗೆ 12 ಸೆಂ.ಮೀ. ಆದ್ದರಿಂದ ಸಣ್ಣ ಚಲನೆ ಬಣ್ಣದಲ್ಲಿ ಅಷ್ಟು ಎದ್ದು ಕಾಣದು.

ನಕ್ಷೆಯನ್ನು ವರದಿಗೆ ಹಾಕುವಾಗ ಎರಡೂ ದಿನಾಂಕ, ಟ್ರ್ಯಾಕ್ ಸಂಖ್ಯೆ, ಏರುಹಾದಿಯೋ ಇಳಿಹಾದಿಯೋ, ಬೇಸ್‌ಲೈನ್, ಸೊನ್ನೆ ಹಿಡಿದ ಜಾಗ, ಯಾವ ಚಿಹ್ನೆ ಯಾವ ದಿಕ್ಕಿಗೆ, ಕೊಹೆರೆನ್ಸ್ ಮಿತಿ ಎಷ್ಟು ಎಂಬುದನ್ನು ಚಿತ್ರದ ಕೆಳಗೇ ಬರೆಯಿರಿ. ಇವುಗಳಲ್ಲಿ ಒಂದು ಬಿಟ್ಟರೂ ಇನ್ನೊಬ್ಬರಿಗೆ ನಿಮ್ಮ ಲೆಕ್ಕವನ್ನು ಮತ್ತೆ ಮಾಡಿ ನೋಡಲು ಬರುವುದಿಲ್ಲ.