ಬ್ರಿಟನ್ನಿನಲ್ಲಿ ಬ್ರಾಡ್‌ಬ್ಯಾಂಡ್ ಕಂಪನಿ ಬದಲಿಸುವವರಿಗೆ

ಹೊಸ ಆಫರ್ ಕಂಡ ಖುಷಿಯಲ್ಲಿ ಹಳೆಯ ಕಂಪನಿಗೆ ಫೋನ್ ಮಾಡಿ ‘ನಮ್ಮ ಲೈನ್ ತೆಗೆದುಬಿಡಿ’ ಅನ್ನಬೇಡಿ. ಅದು ಬೆಂಗಳೂರಿನ ಅಭ್ಯಾಸ. ಅಲ್ಲಿ ಒಬ್ಬನನ್ನು ಬೇಡ ಅಂದರೆ ಸಂಜೆಯೊಳಗೆ ಇನ್ನೊಬ್ಬ ಏಣಿ ಹಿಡಿದು ಬಂದಿರುತ್ತಾನೆ. ಇಲ್ಲಿ ಎಂಜಿನಿಯರ್ ಬರುವ ದಿನ ಎರಡು ವಾರ ಆಚೆ ಸಿಗುವುದೂ ಉಂಟು. ಅಲ್ಲಿಯತನಕ ಮನೆಯಿಂದ ಕೆಲಸ ಮಾಡುವವರ ಪಾಡು ಕೇಳಲೇಬೇಡಿ.

2024ರ ಸೆಪ್ಟೆಂಬರ್ 12ರಿಂದ ಇಲ್ಲಿ ‘ಒನ್ ಟಚ್ ಸ್ವಿಚ್’ ಪದ್ಧತಿ ಇದೆ. ನೀವು ಮಾತಾಡಬೇಕಾದ್ದು ಹೊಸ ಕಂಪನಿಯ ಜೊತೆ ಮಾತ್ರ. ಅವರು ಹಳೆಯ ಕಂಪನಿಗೆ ತಿಳಿಸುತ್ತಾರೆ. ಒಪ್ಪಂದ ಮುಗಿಯುವ ಮೊದಲೇ ಹೊರಟರೆ ಎಷ್ಟು ದಂಡ, ಯಾವುದು ನಿಲ್ಲುತ್ತದೆ, ಯಾವುದು ಉಳಿಯುತ್ತದೆ ಎಂದು ಹಳೆಯ ಕಂಪನಿ ನಿಮಗೆ ಬರೆದು ಕಳಿಸುತ್ತದೆ. ಅದನ್ನು ಓದಿ ಒಪ್ಪಿದರೆ, ಹೊಸದು ಶುರುವಾದ ದಿನ ಹಳೆಯದು ತಾನಾಗಿ ನಿಲ್ಲುತ್ತದೆ. ಆ ದಿನದ ಆಚೆಗೆ ನೋಟಿಸ್ ಅವಧಿಯ ಹೆಸರಲ್ಲಿ ದುಡ್ಡು ಕೀಳುವ ಹಾಗಿಲ್ಲ.

ಆದರೆ ನಮ್ಮವರು ಎಡವುವ ಜಾಗ ಒಂದಿದೆ: ಹೆಸರು. ಈ ವ್ಯವಸ್ಥೆ ಹಳೆಯ ಖಾತೆಯನ್ನು ಹುಡುಕುವುದು ಸರ್‌ನೇಮ್ ಮತ್ತು ವಿಳಾಸದ ಮೇಲೆ. ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಸರ್‌ನೇಮ್ ಆಗಿರುತ್ತದೆ, ಬ್ಯಾಂಕಿನಲ್ಲಿ ಊರ ಹೆಸರು, ಇನ್ನೊಂದೆಡೆ ಬರೀ ಇನಿಶಿಯಲ್. ಖಾತೆ ಗಂಡನ ಹೆಸರಲ್ಲಿದ್ದು ಹೊಸದನ್ನು ಹೆಂಡತಿ ಕೇಳಿದರೂ ತಾಳೆಯಾಗುವುದು ಕಷ್ಟ. ಆದ್ದರಿಂದ ಹಳೆಯ ಬಿಲ್ಲನ್ನು ಮುಂದಿಟ್ಟುಕೊಂಡು, ಅದರಲ್ಲಿ ಇದ್ದಂತೆಯೇ ಅಕ್ಷರ ಅಕ್ಷರ ತುಂಬಿ. ಫ್ಲ್ಯಾಟ್ ನಂಬರ್ ಸಹಿತ. ಖಾತೆ ಸಂಖ್ಯೆ ಕೈಲಿದ್ದರೆ ಅದನ್ನೂ ಕೊಡಿ.

ಇನ್ನು ಟಿವಿ. ಒನ್ ಟಚ್ ಸ್ವಿಚ್ ನೋಡಿಕೊಳ್ಳುವುದು ಬ್ರಾಡ್‌ಬ್ಯಾಂಡ್ ಮತ್ತು ಲ್ಯಾಂಡ್‌ಲೈನ್ ಎರಡನ್ನೇ. ಮೂರೂ ಒಂದೇ ಪ್ಯಾಕೇಜಿನಲ್ಲಿದ್ದವರು ಟಿವಿಯೂ ಜೊತೆಗೇ ಹೋಯಿತು ಅಂದುಕೊಂಡು ಸುಮ್ಮನಾಗುತ್ತಾರೆ, ಬ್ಯಾಂಕಿನಿಂದ ತಾನಾಗಿ ಕಡಿತವಾಗುವ ಡೈರೆಕ್ಟ್ ಡೆಬಿಟ್ ಮಾತ್ರ ತಿಂಗಳು ತಿಂಗಳೂ ಹೋಗುತ್ತಿರುತ್ತದೆ. ಟಿವಿಯನ್ನು ನೀವೇ ಬೇರೆಯಾಗಿ ರದ್ದು ಮಾಡಬೇಕು, ಸಾಮಾನ್ಯವಾಗಿ ಒಂದು ತಿಂಗಳ ನೋಟಿಸ್ ಕೇಳುತ್ತಾರೆ. ಹಾಗಾಗಿ ಹೊಸ ಬ್ರಾಡ್‌ಬ್ಯಾಂಡ್ ಶುರುವಾಗುವ ದಿನ ಗೊತ್ತಾದ ಮೇಲೆ ಅದಕ್ಕೆ ತಕ್ಕಂತೆ ಟಿವಿಯ ನೋಟಿಸ್ ಕೊಡಿ. ಅಷ್ಟಕ್ಕೂ ಹೊಸ ಟಿವಿ ಪ್ಯಾಕೇಜ್ ಬೇಕೇ ಬೇಕಾ ಅಂತ ಒಮ್ಮೆ ಯೋಚಿಸಿ. ಛಾವಣಿಯ ಮೇಲೆ ಏರಿಯಲ್ (ಆಂಟೆನಾ) ಇದ್ದರೆ ಫ್ರೀವ್ಯೂ ಚಾನೆಲ್‌ಗಳು ಪುಕ್ಕಟೆ ಬರುತ್ತವೆ. ಸ್ಕೈ ಸ್ಟ್ರೀಮ್‌ನಂಥವಕ್ಕೆ ಡಿಶ್ ಬೇಡ, ಬಾಡಿಗೆ ಮನೆಗೆ ಅನುಕೂಲ. ಆದರೆ ಇಂಟರ್ನೆಟ್ ಹೋದರೆ ಟಿವಿಯೂ ಹೋಗುತ್ತದೆ.

ಟಿವಿ ನೋಡಲು ಇಲ್ಲಿ ವರ್ಷಕ್ಕೆ ದುಡ್ಡು ಕಟ್ಟಿ ಪಡೆಯುವ ಟಿವಿ ಲೈಸೆನ್ಸ್ ವಿಷಯದಲ್ಲಿ ನಮ್ಮವರಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ: ‘ನಾವು ಬಿಬಿಸಿ ನೋಡಲ್ಲ, ಕನ್ನಡ ಚಾನೆಲ್ ಮಾತ್ರ, ನಮಗೆ ಅದು ಬೇಡ’ ಅಂತ. ಯಾವ ದೇಶದ ಚಾನೆಲ್ಲೇ ಆಗಲಿ, ಆ್ಯಪಿನಲ್ಲೇ ಆಗಲಿ, ಪ್ರಸಾರವಾಗುತ್ತಿರುವಾಗಲೇ ನೋಡಿದರೆ ಲೈಸೆನ್ಸ್ ಬೇಕು. ಅಮ್ಮ ಬಂದಾಗ ಧಾರಾವಾಹಿಯನ್ನು ಲೈವ್ ಹಾಕಿಕೊಟ್ಟರೂ ಬೇಕು. ಪ್ರಸಾರ ಮುಗಿದ ಎಪಿಸೋಡನ್ನೋ ನೆಟ್‌ಫ್ಲಿಕ್ಸ್‌ನ ಸಿನಿಮಾವನ್ನೋ ಆಮೇಲೆ ನೋಡಲು ಬೇಡ; ಬಿಬಿಸಿ ಐಪ್ಲೇಯರ್‌ಗೆ ಮಾತ್ರ ಹೇಗೆ ನೋಡಿದರೂ ಬೇಕು. 2025ರ ಏಪ್ರಿಲ್‌ನಲ್ಲಿ ಲೈಸೆನ್ಸ್ ಶುಲ್ಕ ವರ್ಷಕ್ಕೆ 174.50 ಪೌಂಡ್ ಆಯಿತು.

ಲ್ಯಾಂಡ್‌ಲೈನ್ ನಂಬರ್ ಉಳಿಯಬೇಕು ಅಂದರೆ ಆರ್ಡರ್ ಮಾಡುವಾಗಲೇ ಹೊಸ ಕಂಪನಿಗೆ ಹೇಳಿ. ಮೊದಲೇ ರದ್ದು ಮಾಡಿದರೆ ನಂಬರ್ ಕೈತಪ್ಪಬಹುದು. ಹಳೆಯ ತಾಮ್ರದ ತಂತಿಯ ಫೋನ್ ಜಾಲವನ್ನು 2027ರ ಜನವರಿಯೊಳಗೆ ಮುಚ್ಚುವ ಯೋಜನೆಯಿದೆ. ಹೊಸ ಫೋನನ್ನು ರೌಟರ್ ಹಿಂಭಾಗಕ್ಕೆ ಸಿಕ್ಕಿಸುತ್ತಾರೆ. ಕರೆಂಟ್ ಹೋದರೆ ರೌಟರ್ ಸತ್ತು ಫೋನೂ ಸಾಯುತ್ತದೆ, ತುರ್ತು ಸಂಖ್ಯೆ 999ಕ್ಕೂ ಕರೆ ಹೋಗುವುದಿಲ್ಲ. ಮನೆಯಲ್ಲಿ ಮೊಬೈಲ್ ಸಿಗ್ನಲ್ ಇಲ್ಲದೆ ಲ್ಯಾಂಡ್‌ಲೈನನ್ನೇ ನಂಬಿದ ಹಿರಿಯರಿದ್ದರೆ ಕಂಪನಿಗೆ ತಿಳಿಸಿ. ಅಂಥವರಿಗೆ ಕನಿಷ್ಠ ಒಂದು ಗಂಟೆ ತುರ್ತು ಕರೆ ಮಾಡಲು ಆಗುವಂತೆ ಬ್ಯಾಟರಿಯಂಥ ವ್ಯವಸ್ಥೆಯನ್ನು ಪುಕ್ಕಟೆ ಕೊಡಬೇಕೆಂಬುದು ಇಲ್ಲಿನ ದೂರಸಂಪರ್ಕ ನಿಯಂತ್ರಕ ಸಂಸ್ಥೆ ಆಫ್‌ಕಾಮ್‌ನ ನಿಲುವು.

ಎಂಜಿನಿಯರ್ ಬರಬೇಕೋ ಬೇಡವೋ ಅನ್ನುವುದು ತಂತಿ ಯಾರದ್ದು ಅನ್ನುವುದರ ಮೇಲೆ ನಿಂತಿದೆ. ಬಿಟಿ, ಸ್ಕೈ ಮುಂತಾದ ಅನೇಕ ಕಂಪನಿಗಳು ಓಪನ್‌ರೀಚ್ ಜಾಲದ ಮೇಲೆ ಓಡುತ್ತವೆ. ನಿಮ್ಮ ಮನೆಗೆ ಆಗಲೇ ಅದರ ಪೂರ್ಣ ಫೈಬರ್ (ಮನೆಯ ತನಕ ಗಾಜಿನ ಎಳೆಯ ತಂತಿ) ಬಂದಿದ್ದರೆ, ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಹೆಚ್ಚಾಗಿ ಯಾರೂ ಬರಬೇಕಿಲ್ಲ. ಪೋಸ್ಟಿನಲ್ಲಿ ಬಂದ ರೌಟರ್ ಸಿಕ್ಕಿಸಿದರೆ ಆಯಿತು. ವರ್ಜಿನ್ ಮೀಡಿಯಾ, ಸಿಟಿಫೈಬರ್, ಹೈಪರ್‌ಆಪ್ಟಿಕ್‌ಗಳಿಗೆ ತಮ್ಮದೇ ಜಾಲವಿದೆ. ಅಲ್ಲಿಗೆ ಹೋದರೆ ಗೋಡೆಗೆ ಹೊಸ ತೂತು ಬೀಳಬಹುದು. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆಯನ್ನು ಇಮೇಲಿನಲ್ಲೇ ಪಡೆಯಿರಿ, ಬಾಯಿಮಾತು ಡೆಪಾಸಿಟ್ ವಾಪಸ್ ಕೇಳುವ ದಿನ ನಿಲ್ಲುವುದಿಲ್ಲ. ಫ್ಲ್ಯಾಟಿನಲ್ಲಿದ್ದರೆ ಕಟ್ಟಡದ ಮಾಲೀಕರ ಅನುಮತಿಯೂ ಬೇಕಾಗುತ್ತದೆ, ಅದಕ್ಕೆ ತಿಂಗಳುಗಟ್ಟಲೆ ಹಿಡಿದದ್ದು ನೋಡಿದ್ದೇನೆ.

ಅಳವಡಿಸುವ ದಿನ ವಯಸ್ಕರೊಬ್ಬರು ಮನೆಯಲ್ಲಿರಬೇಕು. ಎಂಜಿನಿಯರ್ ಬಾಗಿಲಿಗೆ ಬರುವ ಮೊದಲೇ ಒಎನ್‌ಟಿ ಡಬ್ಬಿ (ಫೈಬರ್ ತಂತಿ ಮನೆಯೊಳಗೆ ಬಂದು ಸೇರುವ ಡಬ್ಬಿ) ಎಲ್ಲಿ ಕೂರಬೇಕು ಅಂತ ತೀರ್ಮಾನಿಸಿಕೊಳ್ಳಿ. ಕೇಳದಿದ್ದರೆ ಬೀದಿ ಕಡೆಯ ಗೋಡೆಯ ಒಳಬದಿಗೆ, ಅಂದರೆ ಕಿಟಕಿ ಪಕ್ಕದ ಮೂಲೆಗೆ ಹಾಕಿ ಹೋಗುತ್ತಾರೆ. ಅವರಿಗೆ ಸುಲಭ ಅದು. ಹತ್ತಿರದಲ್ಲೇ ಎರಡು ಪ್ಲಗ್ ಪಾಯಿಂಟ್ ಇರಲಿ, ಒಂದು ಡಬ್ಬಿಗೆ, ಒಂದು ರೌಟರ್‌ಗೆ. ಮೆಟ್ಟಿಲ ಕೆಳಗಿನ ಕಪಾಟು ನೋಡಲು ಚೆಂದ, ವೈಫೈಗೆ ಕೆಟ್ಟದ್ದು. ಹಳೆಯ ಮನೆಗಳ ಇಟ್ಟಿಗೆ ಗೋಡೆ ದಾಟಿ ಮಹಡಿ ಕೋಣೆಗೆ ಸಿಗ್ನಲ್ ಏರುವುದೇ ಕಷ್ಟ. ಟಿವಿ ಗೋಡೆಯ ಬಳಿ ಕೂರಿಸಿದರೆ ಟಿವಿಗೆ ನೇರ ಕೇಬಲ್ ಎಳೆಯಬಹುದು. ಎಂಜಿನಿಯರ್ ಹೊರಡುವ ಮುನ್ನ ಡಬ್ಬಿಯ ದೀಪ ನೋಡಿ: ‘ಪಾನ್’ (PON) ಎದುರು ಹಸಿರು ಮಿನುಗದೆ ನಿಂತಿರಬೇಕು. ‘ಲಾಸ್’ (LOS) ಎದುರು ಕೆಂಪು ಉರಿದರೆ ಬೆಳಕೇ ಬರುತ್ತಿಲ್ಲ ಅಂತ ಅರ್ಥ, ಅವರನ್ನು ಬಿಡಬೇಡಿ.

ಬಂದು ವರ್ಷವಾಗದವರು ಎರಡು ವರ್ಷದ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಮನೆಯ ಕರಾರು ಎಷ್ಟು ತಿಂಗಳದ್ದು ನೋಡಿಕೊಳ್ಳಿ. ಸ್ವಲ್ಪ ದುಬಾರಿಯಾದರೂ ತಿಂಗಳ ಲೆಕ್ಕದ ಪ್ಲಾನ್ ಅಂಥವರಿಗೆ ಒಳ್ಳೆಯದು. ಕ್ರೆಡಿಟ್ ಇತಿಹಾಸ ಇಲ್ಲವೆಂದು ಆರ್ಡರ್ ತಿರಸ್ಕಾರವಾದರೆ ಒಂದು ದಾರಿ ಇದೆ: ಕಾಮನ್‌ವೆಲ್ತ್ ಪ್ರಜೆಗಳಾಗಿ, ವೀಸಾ ಇದ್ದು ಇಲ್ಲಿ ವಾಸವಿರುವ ಭಾರತೀಯರೂ ಮತದಾರರ ಪಟ್ಟಿಗೆ ಸೇರಬಹುದು, ಅದು ಕ್ರೆಡಿಟ್ ಪರಿಶೀಲನೆಯಲ್ಲಿ ನೆರವಾಗುತ್ತದೆ. ಆನ್‌ಲೈನ್ ಅಥವಾ ಫೋನಿನಲ್ಲಿ ಮಾಡಿದ ಒಪ್ಪಂದದಿಂದ 14 ದಿನದೊಳಗೆ ಹಿಂದೆ ಸರಿಯಲೂ ಅವಕಾಶವಿದೆ.

ಎಂಜಿನಿಯರ್ ಬಾರದೆ ಹೋದರೆ, ಆಫ್‌ಕಾಮ್‌ನ ಪರಿಹಾರ ಯೋಜನೆಗೆ ಸೇರಿದ ಕಂಪನಿ ನೀವು ಕೇಳದೆಯೇ 30 ಪೌಂಡ್ ಚಿಲ್ಲರೆ ಕೊಡಬೇಕು. ಶುರುವಾಗುವುದು ತಡವಾದರೆ ದಿನಕ್ಕೆ 6 ಪೌಂಡ್ ಚಿಲ್ಲರೆ. ಎಲ್ಲ ಕಂಪನಿಗಳೂ ಅದರಲ್ಲಿಲ್ಲ, ಆರ್ಡರ್‌ಗೆ ಮೊದಲೇ ಕೇಳಿಕೊಳ್ಳಿ. ಹಳೆಯ ರೌಟರ್, ಟಿವಿ ಬಾಕ್ಸ್ ವಾಪಸ್ ಕೇಳಿದರೆ ಅವರು ಕಳಿಸಿದ ಚೀಲದಲ್ಲೇ ಹಾಕಿ, ಪೋಸ್ಟಾಫೀಸಿನಲ್ಲಿ ರಸೀದಿ ಪಡೆದು ಫೋಟೋ ತೆಗೆದಿಡಿ. ‘ನಮಗೆ ಬಂದೇ ಇಲ್ಲ’ ಎಂಬ ಬಿಲ್ ಮೂರು ತಿಂಗಳ ಮೇಲೂ ಬರುತ್ತದೆ.