ಥೀಸಿಸ್‌ನಲ್ಲಿ ಕಳೆದುಹೋದ ಕೋಷ್ಟಕ ನಂಬರ್: ರಿಪೇರಿ ಮಾಡುವ ನನ್ನ ದಾರಿ

ರಾಯಚೂರಿನಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಮದುವೆ ಕಾರ್ಡು, ಅರ್ಜಿ, ಬಯೋಡೇಟಾ ಎಲ್ಲ ಮಾಡುತ್ತೇವೆ. ತಲೆ ತಿನ್ನುವ ಕೆಲಸ ಅಂದರೆ ಥೀಸಿಸ್. ಕೃಷಿ ವಿಶ್ವವಿದ್ಯಾಲಯ ಊರಲ್ಲೇ ಇರುವುದರಿಂದ ಅದಕ್ಕೇನೂ ಬರವಿಲ್ಲ. ಸಲ್ಲಿಸುವ ದಿನ ಹತ್ತಿರ ಬಂದಾಗ ಹುಡುಗರು ಪೆನ್‌ಡ್ರೈವ್ ಹಿಡಿದು ಓಡಿ ಬರುತ್ತಾರೆ. "ಅಣ್ಣ, ನಿನ್ನೆ ತನಕ ಎಲ್ಲಾ ಬರೋಬ್ಬರಿ ಇತ್ರೀ. ಪ್ರಿಂಟ್ ಕೊಟ್ಟ ಕೂಡ್ಲೆ ಹಿಂಗಾಗ್ಯಾದ ನೋಡ್ರಿ." ನೋಡಿದರೆ ವರ್ಡ್ ಫೈಲಿನಲ್ಲಿ 'ಕೋಷ್ಟಕ 4.3' ಅಂತ ಇರಬೇಕಾದ ಕಡೆಯೆಲ್ಲ ದಪ್ಪ ಅಕ್ಷರದಲ್ಲಿ 'ಎರರ್! ರೆಫರೆನ್ಸ್ ಸೋರ್ಸ್ ನಾಟ್ ಫೌಂಡ್' ಎಂದಿರುತ್ತದೆ.

ಕನ್ನಡದ ಥೀಸಿಸ್ ಆದರೆ ಇನ್ನೊಂದು ತಮಾಷೆ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಆ ಇಂಗ್ಲಿಷ್ ಸಾಲು ಅರ್ಥವಿಲ್ಲದ ಕನ್ನಡ ಅಕ್ಷರಗಳಾಗಿ ಕಾಣುತ್ತದೆ. ಹುಡುಗರು ಫಾಂಟ್ ಹಾಳಾಗಿದೆ ಅಂದುಕೊಂಡು ಫಾಂಟನ್ನೇ ಮತ್ತೆ ಮತ್ತೆ ಹಾಕುತ್ತಾರೆ. ಫಾಂಟಿನದೇನೂ ತಪ್ಪಿಲ್ಲ. ಸ್ಕ್ರಾಲ್ ಲಾಕ್ ಒತ್ತಿ ನುಡಿಯನ್ನು ಇಂಗ್ಲಿಷಿಗೆ ತಂದು, ಫೈಂಡ್‌ನಲ್ಲಿ 'ಎರರ್' ಅಂತ ಇಂಗ್ಲಿಷ್ ಅಕ್ಷರದಲ್ಲಿ ಹೊಡೆದರೆ ಎಲ್ಲಾ ಜಾಗವೂ ಸಿಗುತ್ತದೆ.

ನಾನು ಎಲ್ಲರಿಗೂ ಮೊದಲು ಹೇಳುವುದು ಇಷ್ಟು: ಇದು ಪ್ರಿಂಟ್ ಕೊಟ್ಟಾಗ ಕೆಟ್ಟದ್ದಲ್ಲ. ಯಾವತ್ತೋ ಕೆಟ್ಟಿದೆ, ಇವತ್ತು ಕಂಡಿದೆ. ವಾಕ್ಯದಲ್ಲಿ ಕೋಷ್ಟಕದ ನಂಬರ್ ತಾನೇ ಬರುವ ಹಾಗೆ ಕ್ರಾಸ್ ರೆಫರೆನ್ಸ್ ಹಾಕಿದಾಗ ವರ್ಡ್ ಕೋಷ್ಟಕದ ತಲೆಬರಹಕ್ಕೆ ಗುಟ್ಟಾಗಿ ಒಂದು ಬುಕ್‌ಮಾರ್ಕ್, ಅಂದರೆ ಹೆಸರಿರುವ ಗುರುತು, ಕಟ್ಟುತ್ತದೆ. ವಾಕ್ಯದಲ್ಲಿರುವ ಫೀಲ್ಡ್ (ನಂಬರನ್ನು ತಾನೇ ತಂದು ತೋರಿಸುವ ಜಾಗ) ಆ ಬುಕ್‌ಮಾರ್ಕಿನ ಹೆಸರನ್ನು ಹಿಡಿದುಕೊಂಡಿರುತ್ತದೆ. ಗೈಡ್ ತಲೆಬರಹ ಬದಲಿಸು ಅಂದಾಗ ಹುಡುಗ ಇಡೀ ಸಾಲು ಅಳಿಸಿ ಹೊಸದಾಗಿ ಬರೆಯುತ್ತಾನೆ. ಸಾಲಿನ ಜೊತೆ ಬುಕ್‌ಮಾರ್ಕೂ ಹೋಯಿತು. ಆದರೂ ವಾಕ್ಯದಲ್ಲಿ 4.3 ಹಾಗೇ ಕಾಣುತ್ತದೆ. ಹಳೇ ಕ್ಯಾಲೆಂಡರ್ ಗೋಡೆಯ ಮೇಲೇ ಉಳಿದ ಹಾಗೆ. ಎಫ್9 ಒತ್ತಿದಾಗ, ಇಲ್ಲವೇ 'ಪ್ರಿಂಟ್ ಮಾಡುವ ಮೊದಲು ಫೀಲ್ಡ್ ಅಪ್‌ಡೇಟ್ ಮಾಡು' ಎಂಬ ಆಯ್ಕೆಗೆ ಟಿಕ್ ಇದ್ದಾಗ ವರ್ಡ್ ಹುಡುಕಲು ಹೋಗುತ್ತದೆ. ಸಿಗುವುದಿಲ್ಲ, ಎರರ್ ಬೀಳುತ್ತದೆ.

ಹಾಗಾಗಿ ಎರರ್ ಕಂಡ ತಕ್ಷಣ ಸೇವ್ ಮಾಡಬೇಡಿ. ಸೇವ್ ಮಾಡದೆ ಮುಚ್ಚಿ ಮತ್ತೆ ತೆರೆಯಿರಿ. ಇಂಥ ಫೀಲ್ಡುಗಳನ್ನು ವರ್ಡ್ ತೆರೆಯುವಾಗ ಪರೀಕ್ಷಿಸುವುದಿಲ್ಲ, ಆದ್ದರಿಂದ ಹಳೆಯ ನಂಬರುಗಳು ಅಲ್ಲೇ ಇರುತ್ತವೆ. ಅದರಿಂದ ಒಂದು ಪಿಡಿಎಫ್ ತೆಗೆದಿಡಿ. ಅಪ್‌ಡೇಟ್ ಆಯ್ಕೆಯ ಟಿಕ್ ಮೊದಲೇ ತೆಗೆದಿರಿ. ಯಾವ ವಾಕ್ಯ ಯಾವ ಕೋಷ್ಟಕದ ಮಾತಾಡುತ್ತಿತ್ತು ಅನ್ನುವುದಕ್ಕೆ ಅದೇ ಸಾಕ್ಷಿ. ಸೇವ್ ಆಗಿಬಿಟ್ಟಿದ್ದರೆ ಗೈಡಿಗೆ ಮೊದಲು ಕಳಿಸಿದ ಪ್ರತಿಯನ್ನು ಮೇಲ್‌ನಲ್ಲಿ ಹುಡುಕಿಸುತ್ತೇನೆ.

ಇನ್ನು ರಿಪೇರಿ. ಹೆಚ್ಚಿನವರು ಎರರ್ ಬಂದ ಪ್ರತಿ ಜಾಗದಲ್ಲೂ ಅದನ್ನು ಅಳಿಸಿ ಕೈಯಿಂದ ನಂಬರ್ ಹೊಡೆಯುತ್ತಾರೆ. ನನಗೆ ಇದು ಸುತರಾಂ ಇಷ್ಟವಿಲ್ಲ. ನಾಳೆ ನಡುವೆ ಒಂದು ಕೋಷ್ಟಕ ಸೇರಿದರೆ ಆ ನಂಬರ್ ಸುಮ್ನೆ ತಪ್ಪಾಗಿ ಕೂರುತ್ತದೆ, ಎರರ್ ಕೂಡ ತೋರಿಸುವುದಿಲ್ಲ. ನಾನು ಆಲ್ಟ್ ಎಫ್9 ಒತ್ತುತ್ತೇನೆ. ಆಗ ಫೀಲ್ಡುಗಳ ಒಳಗಿನ ಕೋಡ್ ಕಾಣುತ್ತದೆ: ಹೂಬ್ರಾಕೆಟ್ಟಿನೊಳಗೆ ರೆಫ್, ಆಮೇಲೆ ಅಂಡರ್‌ಸ್ಕೋರ್‌ನಿಂದ ಶುರುವಾಗುವ ಒಂದು ಹೆಸರು, ಅದರ ಕೊನೆಗೆ ಉದ್ದನೆಯ ಸಂಖ್ಯೆ. ಅದೇ ಕಳೆದುಹೋದ ಬುಕ್‌ಮಾರ್ಕಿನ ಹೆಸರು. ಒಂದೇ ಹೆಸರು ಐದಾರು ಕಡೆ ಬಂದಿದ್ದರೆ ಅವೆಲ್ಲ ಒಂದೇ ಕೋಷ್ಟಕವನ್ನು ಹುಡುಕುತ್ತಿವೆ ಅಂತ ಅರ್ಥ. ಎರರ್ ಎಷ್ಟಿದ್ದರೂ ಕಾಣೆಯಾದ ಕೋಷ್ಟಕಗಳು ಕೈಬೆರಳೆಣಿಕೆಯಷ್ಟೇ ಇರುತ್ತವೆ.

ಪಿಡಿಎಫ್ ನೋಡಿ ಆ ಕೋಷ್ಟಕ ಯಾವುದೆಂದು ತಿಳಿದುಕೊಳ್ಳುತ್ತೇನೆ. ಎಡದಂಡೆ ಕಾಲುವೆಯ ಕೊನೆ ಭಾಗದ ಭತ್ತದ ಇಳುವರಿ ಅಂತ ಇಟ್ಟುಕೊಳ್ಳಿ. ಅದರ ತಲೆಬರಹದಲ್ಲಿ 'ಕೋಷ್ಟಕ 4.3' ಅನ್ನುವಷ್ಟನ್ನು ಮಾತ್ರ ಸೆಲೆಕ್ಟ್ ಮಾಡುತ್ತೇನೆ. ಇಡೀ ಸಾಲು ಹಿಡಿದರೆ ವಾಕ್ಯದ ನಡುವೆ ಪೂರ್ತಿ ತಲೆಬರಹ ಬಂದು ಕೂರುತ್ತದೆ. ಆ ನಂಬರ್ ವರ್ಡ್ ತಾನೇ ನಂಬರ್ ಕೊಡುವ ಇನ್ಸರ್ಟ್ ಕ್ಯಾಪ್ಷನ್‌ನಿಂದ ಬಂದದ್ದೇ ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ. ಕೈಯಿಂದ ಹೊಡೆದಿದ್ದರೆ ಅದನ್ನೇ ಮೊದಲು ಸರಿ ಮಾಡಬೇಕು. ಆಮೇಲೆ ಇನ್ಸರ್ಟ್, ಬುಕ್‌ಮಾರ್ಕ್. ಭತ್ತ, ಹತ್ತಿ ಅಂತ ಗುರುತು ಸಿಗುವ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಕೊಡುತ್ತೇನೆ, ಜಾಗ ಬಿಡದೆ. ಮತ್ತೆ ಕೋಡ್ ಕಾಣುತ್ತಿರುವಾಗಲೇ ಫೈಂಡ್ ರಿಪ್ಲೇಸ್ ತೆರೆದು, ಹಳೆಯ ಉದ್ದನೆಯ ಹೆಸರಿನ ಬದಲು ಹೊಸ ಹೆಸರು ಹಾಕಿ ರಿಪ್ಲೇಸ್ ಆಲ್ ಕೊಡುತ್ತೇನೆ. ಕಂಟ್ರೋಲ್ ಎ, ಎಫ್9. ಆಲ್ಟ್ ಎಫ್9 ಒತ್ತಿ ನೋಡಿದರೆ ಎಲ್ಲಾ ಕಡೆ ನಂಬರ್ ಬಂದಿರುತ್ತದೆ. ಲ್ಯಾಪ್‌ಟಾಪಿನಲ್ಲಿ ಎಫ್9 ಒತ್ತಿದರೆ ಬೇರೇನೋ ಆಗುತ್ತದೆ ಅನ್ನುವವರು ಜೊತೆಗೆ ಎಫ್‌ಎನ್ ಕೀ ಹಿಡಿಯಬೇಕು.

ಕಂಟ್ರೋಲ್ ಎ ಒತ್ತಿದರೂ ಅಡಿಟಿಪ್ಪಣಿ, ಹೆಡರ್, ಟೆಕ್ಸ್ಟ್ ಬಾಕ್ಸ್ ಒಳಗಿನವು ಸೆಲೆಕ್ಟ್ ಆಗುವುದಿಲ್ಲ. ಅಲ್ಲಿಗೆ ಬೇರೆಯಾಗಿ ಹೋಗಿ ಎಫ್9 ಒತ್ತಬೇಕು. ಪರಿವಿಡಿಯಲ್ಲಿ ಬರುವ 'ಬುಕ್‌ಮಾರ್ಕ್ ನಾಟ್ ಡಿಫೈನ್ಡ್' ಅಷ್ಟು ದೊಡ್ಡ ಸಂಗತಿಯಲ್ಲ. ಅಪ್‌ಡೇಟ್ ಎಂಟೈರ್ ಟೇಬಲ್ ಕೊಟ್ಟರೆ ಸಾಮಾನ್ಯವಾಗಿ ಹೋಗುತ್ತದೆ.

ಅಧ್ಯಾಯಗಳನ್ನು ಬೇರೆ ಬೇರೆ ಫೈಲ್ ಮಾಡಿ ಇಟ್ಟುಕೊಳ್ಳುವ ಅಭ್ಯಾಸವೂ ಇದಕ್ಕೆ ಕಾರಣ. ಐದನೇ ಅಧ್ಯಾಯದ ಪ್ಯಾರಾ ಕಾಪಿ ಮಾಡಿ ಹೊಸ ಫೈಲಿಗೆ ಹಾಕಿದರೆ ಮೂರನೇ ಅಧ್ಯಾಯದ ಕೋಷ್ಟಕ ಅಲ್ಲಿ ಇರುವುದಿಲ್ಲ, ಅಲ್ವಾ? ಮೊದಲಿಂದಲೂ ಒಂದೇ ಫೈಲಿನಲ್ಲಿ ಬರೆಯಿರಿ ಅಂತ ನಾನು ಹೇಳುತ್ತಲೇ ಇರುತ್ತೇನೆ. ಕೇಳುವವರು ಕಡಿಮೆ.

ಎಲ್ಲ ಮುಗಿದ ಮೇಲೆ ಬೈಂಡಿಂಗಿಗೆ ಪಿಡಿಎಫ್ ಮಾತ್ರ ಕೊಡುತ್ತೇನೆ. ವರ್ಡ್ ಫೈಲೇ ಬೇಕು ಅಂದರೆ ಒಂದು ಪ್ರತಿ ಮಾಡಿ, ಅದರಲ್ಲಿ ಕಂಟ್ರೋಲ್ ಎ, ಆಮೇಲೆ ಕಂಟ್ರೋಲ್ ಶಿಫ್ಟ್ ಎಫ್9 ಒತ್ತಿ ಫೀಲ್ಡುಗಳನ್ನೆಲ್ಲ ಬರೀ ಅಕ್ಷರ ಮಾಡುತ್ತೇನೆ. ಉಲ್ಲೇಖ ಜೋಡಿಸುವ ಝೊಟೆರೊ ತಂತ್ರಾಂಶದಿಂದ ಹಾಕಿದ ಉಲ್ಲೇಖಗಳೂ ಆಗ ಬರೀ ಅಕ್ಷರವಾಗುತ್ತವೆ, ಆದ್ದರಿಂದ ಮೂಲ ಫೈಲಿನಲ್ಲಿ ಇದನ್ನು ಒತ್ತಲೇಬೇಡಿ. ಅದು ಹುಡುಗರ ಹತ್ತಿರ ಹಾಗೇ ಇರಲಿ. ವೈವಾ ಆದ ಮೇಲೆ ತಿದ್ದುಪಡಿ ಹಿಡಿದುಕೊಂಡು ಮತ್ತೆ ಬರುವವರು ಅವರೇ.