ನಾಲ್ಕೂಕಾಲು ಇಂಚು

ನಮ್ಮ ಮನೆಗೆ ಕೋವಿ ಹೊಸತಲ್ಲ. ಅಪ್ಪನ ಕಾಲದ ಜೋಡು ನಳಿಗೆ ಈಗಲೂ ಉಂಟು. 12 ಬೋರಿನದ್ದು (ಬೋರು ಎಂದರೆ ನಳಿಗೆಯ ತೂತಿನ ಅಳತೆ), 30 ಇಂಚಿನ ನಳಿಗೆ, ಬೆಳೆ ರಕ್ಷಣೆಯ ಲೈಸೆನ್ಸು. ಅದನ್ನು ಕೊಳ್ಳುವಾಗ ಅಪ್ಪ ಉದ್ದ ನೋಡಿದ್ದರೋ ಇಲ್ಲವೋ ಗೊತ್ತಿಲ್ಲ. ಅಂಗಡಿಯಲ್ಲಿ ಇದ್ದದ್ದನ್ನು ತಂದಿರಬೇಕು.

ನನ್ನದು ಕಾಸರಗೋಡು ಕಡೆಯ ಪೆರ್ಲದಿಂದ ಸ್ವಲ್ಪ ಒಳಗೆ, ಗುಡ್ಡೆಯ ಬುಡದಲ್ಲಿ ಮನೆ. ತೋಟದ ಜೊತೆಗೆ ಅಕ್ಕಪಕ್ಕದವರ ಅಡಿಕೆ, ಕಾಳುಮೆಣಸು ಕೊಂಡು ಮಾರುವ ಸಣ್ಣ ವ್ಯಾಪಾರವೂ ಉಂಟು. ಒಂದು ರಾತ್ರಿ ಅಂಗಳದಿಂದ ಏಳು ಮೂಟೆ ಹೋಯಿತು. ನಾಯಿ ಬೊಗಳಿತ್ತು, ಹಂದಿ ಇರಬೇಕು ಎಂದು ನಾನು ಮಗ್ಗುಲು ಬದಲಿಸಿ ಮಲಗಿದ್ದೆ. ಅದಾದ ಮೇಲೆ ರಿವಾಲ್ವರಿಗೆ ಅರ್ಜಿ ಹಾಕಿದೆ. ಪೊಲೀಸ್ ವರದಿ, ಕೋವಿ ಬಳಕೆಯ ತರಬೇತಿಯ ಸರ್ಟಿಫಿಕೇಟು, ಕಚೇರಿಗೆ ಅಲೆದಾಟ, ಎಲ್ಲ ಮುಗಿಯುವಾಗ ಎರಡು ಅಡಿಕೆ ಕೊಯ್ಲು ಕಳೆದಿತ್ತು. ಆಯುಧ ಕಾಯ್ದೆಯ 2019ರ ತಿದ್ದುಪಡಿಯ ಮೇಲೆ ಒಬ್ಬರಿಗೆ ಎರಡೇ ಕೋವಿ. ಅಪ್ಪನದ್ದು ಒಂದು, ಇದೊಂದು. ಅಂದರೆ ನಳಿಗೆಯ ಉದ್ದ ತಪ್ಪು ಆರಿಸಿದರೆ ಇನ್ನೊಂದು ತಂದು ನೋಡೋಣ ಎನ್ನುವ ಹಾಗಿಲ್ಲ.

ಲೈಸೆನ್ಸು ಬಂತೆಂದು ಗೊತ್ತಾದ ಕೂಡಲೇ ಊರವರ ಮೊದಲ ಪ್ರಶ್ನೆ, "ಹಂದಿಗೆ ಆಗ್ತದಾ ಮಾರಾಯ್ರೆ?" ಆಗ್ಲಿಕ್ಕಿಲ್ಲ. ಸಾಮಾನ್ಯರಿಗೆ ಹೆಚ್ಚಾಗಿ ಸಿಗುವುದು .32 ಬೋರು. ಅದರ ಸೀಸದ ಗುಂಡು ಸೆಕೆಂಡಿಗೆ ಸುಮಾರು 700 ಅಡಿ ವೇಗದಲ್ಲಿ ಹೋಗುತ್ತದೆ ಅಷ್ಟೆ. ಅದರಿಂದ ಹಂದಿಗೆ ಸಿಟ್ಟು ಬರಿಸಬಹುದು. ಹಂದಿಗೆ ಅಪ್ಪನ ಕೋವಿಯೇ ಬೇಕು, ಅದಕ್ಕೂ ಆದೇಶ ಬೇಕು. 2022ರಿಂದ ಕೇರಳದಲ್ಲಿ ಆ ಆದೇಶವನ್ನು ಪಂಚಾಯತ್ ಅಧ್ಯಕ್ಷರೇ ಕೊಡಬಹುದು ಎಂದಾದದ್ದು ನಮಗೆ ದೊಡ್ಡ ಉಪಕಾರ. ಇರಲಿ, ಅದು ಬೇರೆ ಕತೆ.

ನನ್ನ ತಲೆಯಲ್ಲಿ ಇದ್ದದ್ದು ಮೂರು ಇಂಚಿನ ನಳಿಗೆಯದ್ದು. ಸರ್ಕಾರಿ ಕಾರ್ಖಾನೆಯ .32 ರಿವಾಲ್ವರುಗಳಲ್ಲಿ ಹೆಚ್ಚಾಗಿ ಕಾಣುವುದು ಅದೇ ಅಳತೆ, 76 ಮಿಲಿಮೀಟರ್. ಹಳೇ ಮಾದರಿ ನಡು ಮುರಿದು ತೋಟೆ ತುಂಬಿಸುವಂಥದ್ದು. 2023ರಲ್ಲಿ ಬಂದ ಪ್ರಬಲ್ ಎಂಬ ಮಾದರಿಯಲ್ಲಿ ಸಿಲಿಂಡರ್ (ತೋಟೆ ಕೂರುವ, ತಿರುಗುವ ಉರುಳೆ) ಬದಿಗೆ ತೆರೆಯುತ್ತದೆ. ನಳಿಗೆ ಅದರಲ್ಲೂ ಅಷ್ಟೇ. ಚಿಕ್ಕದು, ಸೊಂಟಕ್ಕೆ ಸಿಕ್ಕಿಸಿದರೆ ಗೊತ್ತಾಗದು, ಪುತ್ತೂರಿಗೆ ಅಡಿಕೆ ಕೊಂಡುಹೋಗಿ ಬರುವಾಗ ಜೊತೆಯಲ್ಲಿರುತ್ತದೆ ಎಂದು ಲೆಕ್ಕ ಹಾಕಿದ್ದೆ.

ಲೈಸೆನ್ಸನ್ನು ಸರಿಯಾಗಿ ಓದಿದ್ದು ಆಮೇಲೆ. ಎಲ್ಲಿಯವರೆಗೆ ಊರ್ಜಿತ ಎಂಬಲ್ಲಿ ಕೇರಳ ಎಂದು ಮಾತ್ರ ಬರೆದಿತ್ತು. ನಮ್ಮ ಕಡೆಯವರಿಗೆ ಇದರ ತಮಾಷೆ ಹೇಳಬೇಕಾಗಿಲ್ಲ. ಪೆರ್ಲದಿಂದ ಹೊರಟು ಸ್ವರ್ಗ ದಾಟಿದರೆ ಪಾಣಾಜೆ, ಅಲ್ಲಿಗೆ ಕರ್ನಾಟಕ. ಅಡ್ಕಸ್ಥಳದಲ್ಲಿ ಮುಂದೆ ಹೋದರೆ ಸಾರಡ್ಕ, ಅದೂ ಕರ್ನಾಟಕ. ಮಂಗಳೂರಿಗೆ ಹೋದರೆ ತಲಪಾಡಿ. ಅಡಿಕೆ ಮಾರುವುದು ಆಚೆ, ದುಡ್ಡು ಸಿಗುವುದು ಆಚೆ, ಆಸ್ಪತ್ರೆ ಆಚೆ, ಮಗಳ ಮನೆ ಆಚೆ. ರಿವಾಲ್ವರ್ ಮಾತ್ರ ಈಚೆ. ಇಡೀ ದೇಶಕ್ಕೆ ವಿಸ್ತರಿಸಿಕೊಳ್ಳಲು ಬೇರೆ ಅರ್ಜಿ ಹಾಕಬೇಕಂತೆ. ನನಗೆ ಇನ್ನು ಓಡಾಡುವ ತಾಳ್ಮೆ ಇರಲಿಲ್ಲ. ಹಾಗಿದ್ದ ಮೇಲೆ ಇದು ಹೆಚ್ಚಿನ ಹೊತ್ತು ಮನೆಯಲ್ಲೇ ಇರುವ ಆಯುಧ. ಸೊಂಟದಲ್ಲಿ ಅಡಗಲಿ ಎಂದು ಚಿಕ್ಕದನ್ನೇ ಯಾಕೆ ತರಬೇಕು?

ಆದರೂ ಸುಮ್ನೆ ಊಹೆಯ ಮೇಲೆ ಬಿಡಬಾರದು ಎಂದು ಆಚಾರಿಯ ಹತ್ತಿರ ಹಲಸಿನ ಮರದಲ್ಲಿ ಮೂರು ತುಂಡು ಮಾಡಿಸಿದೆ. ಹಿಡಿ, ಹೊಟ್ಟೆ ಎಲ್ಲ ಒಂದೇ ಅಳತೆ. ನಳಿಗೆ ಮಾತ್ರ ಮೂರು, ನಾಲ್ಕೂಕಾಲು, ಆರು ಇಂಚು. ಅವನು ಯಾವ ಮಗುವಿಗೆ ಆಟಿಕೆ ಎಂದು ಕೇಳಿದ. ನನಗೇ ಎಂದೆ. ಮತ್ತೆ ಮಾತಾಡಲಿಲ್ಲ.

ಒಂದೊಂದನ್ನು ಎರಡೆರಡು ದಿನ ಸೊಂಟಕ್ಕೆ ಕಟ್ಟಿಕೊಂಡು ಮನೆ, ತೋಟ ಎಂದು ತಿರುಗಿದೆ. ಮೊದಲನೇ ತೊಂದರೆ ನಳಿಗೆಯದ್ದಲ್ಲ, ಪಂಚೆಯದ್ದು. ಪಂಚೆ ಉಟ್ಟವನಿಗೆ ಬೆಲ್ಟ್ ಎಲ್ಲಿಯದು? ಮೇಲೆ ಒಂದು ಬೆಲ್ಟ್ ಬಿಗಿದುಕೊಂಡರೆ "ಯಕ್ಷಗಾನಕ್ಕೆ ಹೊರಟದ್ದಾ?" ಎಂದು ಹೆಂಡತಿ. ಪ್ಯಾಂಟು ಹಾಕಿದ ಮೇಲೆ ವಿಷಯ ಸ್ಪಷ್ಟವಾಯಿತು. ಆರು ಇಂಚಿನದ್ದು ಜೀಪಿನ ಸೀಟಿಗೆ ಕುತ್ತುತ್ತದೆ, ಹಿಡಿ ಮೇಲೆದ್ದು ಪಕ್ಕೆಗೆ ತಿವಿಯುತ್ತದೆ. ತೋಟದ ಕಟ್ಟಪುಣಿ (ಬದು) ಹಾರುವಾಗ ತೊಡೆಗೆ ಬಡಿಯುತ್ತದೆ. ಕೂತಲ್ಲಿಂದ ಎಳೆದರೆ ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ. ಮೂರು ಇಂಚಿನದ್ದು ಇದ್ದದ್ದೇ ಗೊತ್ತಾಗಲಿಲ್ಲ. ನಾಲ್ಕೂಕಾಲು ಎರಡನೇ ದಿನಕ್ಕೆ ಅಭ್ಯಾಸವಾಯಿತು.

ಕಟ್ಟಿಕೊಂಡು ತಿರುಗುವುದು ಅರ್ಧ ಪರೀಕ್ಷೆ. ಉಳಿದರ್ಧ ತರಬೇತಿ ಕೊಟ್ಟ ಶೂಟಿಂಗ್ ರೇಂಜಿನಲ್ಲಿ ಆಯಿತು. ಅಲ್ಲಿಯ ಮಾಷ್ಟ್ರು ಹಳೇ ಶೂಟರ್. ಮೊದಲ ದಿನವೇ ಕೇಳಿದರು, "ರಿವಾಲ್ವರಿನ ನಳಿಗೆ ಎಲ್ಲಿಂದ ಅಳೆಯುವುದು ಹೇಳಿ ನೋಡುವ?" ನಾನು ಹಿಂದಿನಿಂದ ತೋರಿಸಿದೆ. ತಪ್ಪು. ಪಿಸ್ತೂಲಿನ ಲೆಕ್ಕದಲ್ಲಿ ತೋಟೆ ಕೂರುವ ಜಾಗವೂ ಸೇರುತ್ತದೆ. ರಿವಾಲ್ವರಿನಲ್ಲಿ ತೋಟೆ ಇರುವುದು ಸಿಲಿಂಡರಿನಲ್ಲಿ, ಅದು ಲೆಕ್ಕಕ್ಕಿಲ್ಲ. ಸಿಲಿಂಡರಿನ ಮುಂದೆ, ನಳಿಗೆ ಶುರುವಾಗುವಲ್ಲಿಂದ ತುದಿಯವರೆಗೆ ಮಾತ್ರ. ಹಾಗಾಗಿ ನಾಲ್ಕು ಇಂಚಿನ ಪಿಸ್ತೂಲಿಗಿಂತ ನಾಲ್ಕು ಇಂಚಿನ ರಿವಾಲ್ವರ್ ನಿಜಕ್ಕೂ ಉದ್ದ. ಇದು ಗೊತ್ತಿಲ್ಲದೆ ಎರಡನ್ನೂ ಹೋಲಿಸುವವರೇ ಜಾಸ್ತಿ.

ಸಿಲಿಂಡರಿಗೂ ನಳಿಗೆಗೂ ನಡುವೆ ಕೂದಲೆಳೆಯಷ್ಟು ಸಂದಿ ಇರುತ್ತದೆ, ಇಲ್ಲದಿದ್ದರೆ ಸಿಲಿಂಡರ್ ತಿರುಗಲಿಕ್ಕಿಲ್ಲ. ಮಾಷ್ಟ್ರು ಅದರ ಪಕ್ಕದಲ್ಲಿ ಪೇಪರಿನ ಹಾಳೆ ಕಟ್ಟಿ ಒಂದು ಈಡು ಹೊಡೆದರು. ಹಾಳೆ ಕಪ್ಪಾಗಿ ಹರಿದಿತ್ತು. "ಎಡಗೈ ಬೆರಳು ಇಲ್ಲಿ ಬರಬಾರದು" ಎಂದರು. ಅಷ್ಟು ಗ್ಯಾಸು ಅಲ್ಲೇ ಸೋರುತ್ತದೆ. ನಳಿಗೆ ಒಂದು ಇಂಚು ಹೆಚ್ಚಾದರೆ ಗುಂಡಿನ ವೇಗ ಸ್ವಲ್ಪ ಏರುತ್ತದೆ ನಿಜ, ಆದರೆ .32ರಲ್ಲಿ ಆ ಏರಿಕೆಗಾಗಿ ಉದ್ದ ಆರಿಸುವುದು ಹುಚ್ಚು. ಉದ್ದ ಬೇಕಾಗುವುದು ಕಣ್ಣಿಗೆ.

ಅದನ್ನು ಸ್ಕೇಲು ಹಿಡಿದು ನೋಡಿದೆ. ಸೈಟ್ ಎಂದರೆ ಗುರಿ ಹಿಡಿಯಲು ಕೋವಿಯ ಮೇಲಿರುವ ಗುರುತು; ಹಿಂದಿನ ಸೈಟಿನಿಂದ ಮುಂದಿನ ಸೈಟಿಗೆ ಮೂರು ಇಂಚಿನದ್ದರಲ್ಲಿ ಸುಮಾರು ಹನ್ನೆರಡೂವರೆ ಸೆಂಟಿಮೀಟರ್. ನಾಲ್ಕೂಕಾಲರಲ್ಲಿ ಹದಿನೈದೂವರೆ. ಆರರಲ್ಲಿ ಇಪ್ಪತ್ತು. ಗುರಿ ಹಿಡಿಯುವಾಗ ಮುಂದಿನ ಸೈಟ್ ಒಂದೇ ಒಂದು ಮಿಲಿಮೀಟರ್ ಬದಿಗೆ ಸರಿದರೆ ಹತ್ತು ಮೀಟರ್ ದೂರದಲ್ಲಿ ಗುಂಡು ಎಷ್ಟು ತಪ್ಪುತ್ತದೆ? ಮೂರು ಇಂಚಿನದ್ದರಲ್ಲಿ 8 ಸೆಂಟಿಮೀಟರ್, ನಾಲ್ಕೂಕಾಲರಲ್ಲಿ ಆರೂವರೆ ಹತ್ತಿರ, ಆರರಲ್ಲಿ 5. ಸ್ಪರ್ಧೆಯವರು ಉದ್ದ ನಳಿಗೆಯನ್ನು ಇಷ್ಟಪಡುವುದು ಇದಕ್ಕೇ. ಅವರ 25 ಮೀಟರ್ ಪಿಸ್ತೂಲಿನಲ್ಲಿ ನಳಿಗೆ 153 ಮಿಲಿಮೀಟರ್ ದಾಟಬಾರದು ಎಂದು ನಿಯಮವೇ ಉಂಟು. ನಮ್ಮ ದೇಶದ ಶೂಟರ್ ಜಸ್ಪಾಲ್ ರಾಣಾ ಏಷ್ಯನ್ ಗೇಮ್ಸಿನಲ್ಲಿ 1994ರಲ್ಲೂ 2006ರಲ್ಲೂ ಚಿನ್ನ ಗೆದ್ದ ಸೆಂಟರ್ ಫೈರ್ ಪಿಸ್ತೂಲ್ ಸ್ಪರ್ಧೆಗೂ ಅದೇ ಮಿತಿ.

ನನ್ನ ಕೈ ರಾಣಾರದ್ದಲ್ಲ. ಮೂರು ಇಂಚಿನದ್ದರಲ್ಲಿ ಹತ್ತು ಮೀಟರಿಗೆ ಹೊಡೆದ ಆರು ಈಡಿನಲ್ಲಿ ಎರಡು ಹಾಳೆಯ ಹೊರಗೆ ಹೋಯಿತು. ಕುದುರೆ (ಹಿಂದಿರುವ ಸುತ್ತಿಗೆ) ಎಳೆಯದೆ ನೇರ ಟ್ರಿಗರ್ ಒತ್ತಿದರೆ ಬಿಗಿ ಜಾಸ್ತಿ, ಮೂತಿ ಹಗುರ, ಹಾಗಾಗಿ ಒತ್ತುವಷ್ಟರಲ್ಲಿ ಮೂತಿ ತೂಗಾಡುತ್ತದೆ. ಐವತ್ತೆಂಟರ ಕಣ್ಣಿಗೆ ಹತ್ತಿರದ್ದು ಮಸುಕು. ನಾಲ್ಕೂಕಾಲರಲ್ಲಿ ಮುಂದಿನ ಸೈಟ್ ಮೂರು ಸೆಂಟಿಮೀಟರ್ ಆಚೆ ಹೋದದ್ದಕ್ಕೇ ಸ್ವಲ್ಪ ಗಟ್ಟಿಯಾಗಿ ಕಂಡಿತು. ಮುಂದಿನ ಭಾರಕ್ಕೆ ಕೈಯೂ ನಿಂತಿತು. ಆರೂ ಹಾಳೆಯೊಳಗೆ. ಆರು ಇಂಚಿನದ್ದು ಇನ್ನೂ ಚೆಂದ ಹೊಡೆಯಿತು, ಆದರೆ ಜೀಪಿನ ಸೀಟು ನೆನಪಾಯಿತು. ಅಲ್ಲದೆ ನಮ್ಮ ಮನೆಯ ಪಡಸಾಲೆ ಇಪ್ಪತ್ತೈದು ಮೀಟರ್ ಇಲ್ಲ.

ನಾಲ್ಕೂಕಾಲು ಇಂಚಿನ ಹೊಸದು ಅಂಗಡಿಯಲ್ಲಿ ಕಾಣಲಿಲ್ಲ. ಎಂಬತ್ತರ ದಶಕದ ನಡುವಿನಿಂದ ಸಾಮಾನ್ಯರಿಗೆ ವಿದೇಶಿ ಕೋವಿಯ ಆಮದು ನಿಂತಿದೆ. ಹಾಗಾಗಿ ಹಳೇ ವೆಬ್ಲಿ, ಕೋಲ್ಟ್, ಸ್ಮಿತ್ ಅಂಡ್ ವೆಸನ್‌ಗಳು ಕೈಯಿಂದ ಕೈಗೆ ಹೋಗುತ್ತಲೇ ಇರುತ್ತವೆ, ರೇಟೂ ಏರುತ್ತಲೇ ಇರುತ್ತದೆ. ವಯನಾಡಿನ ಕಡೆಯ ಕಾಫಿ ತೋಟದವರೊಬ್ಬರು ಅಜ್ಜನ ನಾಲ್ಕೂಕಾಲು ಇಂಚಿನ ಸ್ಮಿತ್ ಅಂಡ್ ವೆಸನ್ ಮಾರುತ್ತಾರೆಂದು ಮಾಷ್ಟ್ರೇ ಹೇಳಿದರು. ನಳಿಗೆಯ ಹಿಂದಿನಿಂದ ಬೆಳಕು ಬಿಟ್ಟು ನೋಡಿದೆ. ಒಳಗಿನ ತಿರುಪು ಗೆರೆಗಳು ಚೂಪಾಗಿದ್ದವು, ಮೂತಿಯ ಅಂಚಿನಲ್ಲಿ ಪೆಟ್ಟಿರಲಿಲ್ಲ, ಸಿಲಿಂಡರ್ ಬೀಗ ಬಿದ್ದ ಮೇಲೆ ಅಲುಗಲಿಲ್ಲ. ಕೊಂಡುಕೊಂಡೆ. ಹಳೇದರಲ್ಲಿ ಈ ಮೂರು ಸರಿ ಇಲ್ಲದಿದ್ದರೆ ಎಷ್ಟು ಇಂಚಾದರೇನು?

ಭಾವ ಮಾತ್ರ ನೋಡಿ "ಉದ್ದ ಆಯ್ತಲ್ಲ, ಒಂದಿಂಚು ಕತ್ತರಿಸಿದರೆ ಆಯ್ತು" ಎಂದರು. ಅಂಥದ್ದಕ್ಕೆ ಕೈ ಹಾಕಲೇಬೇಡಿ. ಅನುಮತಿಯಿಲ್ಲದೆ ನಳಿಗೆ ಕುಗ್ಗಿಸುವುದು 1959ರ ಆಯುಧ ಕಾಯ್ದೆಯಲ್ಲಿ ಅಪರಾಧ. ಅದೂ ಅಲ್ಲದೆ ಮುಂದಿನ ಸೈಟ್ ಇರುವುದೇ ಆ ತುದಿಯಲ್ಲಿ, ಅಲ್ವಾ?

ಇದರ ಒಂದು ಉಪದ್ರವ ಮಳೆಗಾಲಕ್ಕೆ ಗೊತ್ತಾಯಿತು. ಚರ್ಮದ ಚೀಲದಲ್ಲೇ ಇಟ್ಟು ಮರೆತಿದ್ದೆ. ಆಟಿ ತಿಂಗಳಲ್ಲಿ ತೆಗೆದರೆ ಚೀಲಕ್ಕೆ ಬೂಷ್ಟು, ನಳಿಗೆಯ ಮೇಲೆ ಕೆಂಪು ಚುಕ್ಕಿ. ಚರ್ಮ ಪಸೆ ಹೀರಿಕೊಂಡು ಕಬ್ಬಿಣಕ್ಕೆ ದಾಟಿಸುತ್ತದೆ. ಈಗ ತೆಳ್ಳಗೆ ಎಣ್ಣೆ ಒರೆಸಿ, ಹತ್ತಿ ಬಟ್ಟೆಯಲ್ಲಿ ಸುತ್ತಿ, ಬೀಗವಿರುವ ಕಬ್ಬಿಣದ ಕಪಾಟಿನಲ್ಲಿ ಇಡುತ್ತೇನೆ. ಚೀಲ ಬೇರೆ, ತೋಟೆ ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹದಿನೈದು ದಿನಕ್ಕೊಮ್ಮೆ ತೆಗೆದು ನೋಡುವುದು.

ಕಳೆದ ಚುನಾವಣೆಗೆ ಎಲ್ಲರಂತೆ ಎರಡನ್ನೂ ಠಾಣೆಗೆ ಒಪ್ಪಿಸಿದೆ. ರಸೀದಿ ಬರೆಯುತ್ತಿದ್ದ ಹುಡುಗ ಟೇಪು ಹಿಡಿದು ಸಿಲಿಂಡರಿನ ಹಿಂದಿನಿಂದ ಅಳೆದು, ಮಲಯಾಳದಲ್ಲಿ ಆರು ಇಂಚು ಎಂದು ಬರೆದ. ಹಾಗಲ್ಲ ಮೋನೇ ಎಂದು ಟೇಪನ್ನು ಮುಂದೆ ಸರಿಸಿ ತೋರಿಸಿದೆ. ಅವನು ನನ್ನ ಮುಖ ನೋಡಿದ, ಕೋವಿ ನೋಡಿದ, ಗೀಟು ಹಾಕಿ ತಿದ್ದಿದ. ಹಿಂದೆ ಸಾಲಿನಲ್ಲಿ ಕೇಪಿನ ಕೋವಿ ಹಿಡಿದು ನಿಂತಿದ್ದ ಅಜ್ಜ ಕೇಳಿದರು, "ಇದು ಹಂದಿಗೆ ಆಗ್ತದಾ?"